ಇಲ್ಲೇ ಹೋಗಿ ಬರೋಕೂ ಹೆಲ್ಮೆಟ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆಯ ಬಗ್ಗೆಯೇ. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ತುಮಕೂರಿನವರು ಹೈವೇ ಅಂದರೆ ಹೆದರುತ್ತಾರೆ, ಊರೊಳಗಿನ ಬಿ.ಎಚ್. ರಸ್ತೆ ಅಂದರೆ ಹೆದರುವುದಿಲ್ಲ. ಆದರೆ ಪೆಟ್ಟು ತಿಂದು ಪತ್ರ ಬರೆದವರು ದೂರದ ಊರಿಗೆ ಹೊರಟವರಲ್ಲ. ಹಾಲು ತರೋಕೆ, ಮಗುವನ್ನು ಸ್ಕೂಲಿಗೆ ಬಿಡೋಕೆ, ಅಂತರಸನಹಳ್ಳಿ ಮಾರ್ಕೆಟ್ಟಿಗೆ, ಪಕ್ಕದ ಬಡಾವಣೆಗೆ ಹೋದವರು. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ನಮ್ಮ ಮನೆ ಎಸ್.ಎಸ್. ಪುರಂನಲ್ಲಿ. ಬೆಳಿಗ್ಗೆ ಮಗನನ್ನು ಸ್ಕೂಲಿಗೆ ಬಿಡುವುದು, ಸಂಜೆ ತರಕಾರಿ ತರುವುದು, ಸ್ಕೂಟಿಯಲ್ಲಿ ಇಷ್ಟೇ ನನ್ನ ಓಡಾಟ. ಇಪ್ಪತ್ತೈದು, ಮೂವತ್ತರ ಮೇಲೆ ಗಾಡಿ ಓಡಿಸುವುದೇ ಇಲ್ಲ. ಇಲ್ಲೇ ಹೋಗಿ ಬರೋಕೂ ಹೆಲ್ಮೆಟ್ ಅಂದರೆ ಸ್ವಲ್ಪ ಅತಿ ಆಯಿತು ಅಲ್ವಾ ಸರ್? ಮಗನಿಗೆ ಐದು ವರ್ಷ, ಮುಂದೆ ನಿಂತುಕೊಂಡು ಬರುತ್ತಾನೆ.

ಅತಿ ಆಗಲಿಲ್ಲ ಮೇಡಂ. ವೇಗದ ವಿಷಯ ಪಕ್ಕಕ್ಕಿಡಿ, ಗಾಡಿ ನಿಂತೇ ಇದೆ ಅಂದುಕೊಳ್ಳಿ. ಸಿಗ್ನಲ್‌ನಲ್ಲಿ ಕಾಲು ಊರಲು ಹೋಗಿ ಜಲ್ಲಿ ಮೇಲೆ ಚಪ್ಪಲಿ ಜಾರಿತು, ಗಾಡಿ ಸಮೇತ ಪಕ್ಕಕ್ಕೆ ಬಿದ್ದಿರಿ. ಐದಡಿ ಎತ್ತರದಲ್ಲಿದ್ದ ತಲೆ ನೆಲ ಮುಟ್ಟುವಷ್ಟರಲ್ಲಿ ಅದರ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ಆಗಿರುತ್ತದೆ. ಗಾಡಿ ಓಡದೆ, ಬರೀ ಬೀಳುವುದರಿಂದಲೇ ಇಷ್ಟು. ಎದುರಿಗೆ ಸಿಗುವುದು ಮಣ್ಣಲ್ಲ, ಡಿವೈಡರ್ ಅಂಚಿನ ಕಲ್ಲು. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಅವರಲ್ಲೂ 14,337 ಜನ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು.

ಹೆಲ್ಮೆಟ್ ಕೊಳ್ಳುವಾಗ ಒಳಗಡೆ ನೋಡಿ. ಮೇಲಿನ ಗಟ್ಟಿ ಚಿಪ್ಪಿನ ಕೆಳಗೆ ದಪ್ಪನೆಯ ಥರ್ಮಾಕೋಲ್ ತರಹದ ಪದರ ಇರಬೇಕು. ಪೆಟ್ಟು ಬಿದ್ದಾಗ ಆ ಪದರ ನಜ್ಜಾಗಿ ಏಟನ್ನು ನುಂಗುತ್ತದೆ, ತಲೆಗೆ ಬರುವುದು ಉಳಿದಿದ್ದು ಮಾತ್ರ. ಬಿ.ಎಚ್. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ, ಪೊಲೀಸರಿಗೆ ತೋರಿಸಲಿಕ್ಕೆಂದೇ ಮಾಡಿದ ಟೋಪಿಯಂಥ ಹೆಲ್ಮೆಟ್‌ಗಳಲ್ಲಿ ಆ ಪದರವೇ ಇರುವುದಿಲ್ಲ, ಬರೀ ಸ್ಪಂಜು. ಐಎಸ್ಐ ಗುರುತು, ಐಎಸ್ 4151 ಅಂತ ಬರೆದಿದೆಯಾ ನೋಡಿ. 2021ರ ಜೂನ್‌ನಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ತಪ್ಪು. ಆದರೆ ಸ್ಟಿಕ್ಕರ್ ಅಂಟಿಸುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಅದಕ್ಕೇ ಒಳಗೆ ಕೈ ಹಾಕಿ ನೋಡಿ ಅಂದಿದ್ದು. ತಲೆಗೆ ಹಾಕಿ, ಬೆಲ್ಟ್ ಬಿಗಿದು, ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಬೆಲ್ಟ್ ಹಾಕದ ಹೆಲ್ಮೆಟ್ ನಿಮಗಿಂತ ಮೊದಲೇ ಹಾರಿ ಹೋಗುತ್ತದೆ. ಒಂದು ಸಲ ಜೋರಾಗಿ ಪೆಟ್ಟು ತಿಂದಿದ್ದನ್ನು ಮತ್ತೆ ಹಾಕಬೇಡಿ, ಒಳಗಿನ ಪದರ ಒಮ್ಮೆ ನಜ್ಜಾದರೆ ಮತ್ತೆ ಏಳುವುದಿಲ್ಲ.

ಇನ್ನು ಮಗನ ವಿಷಯ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಆಗಿದ್ದು ಇದಕ್ಕೇ. ಮುಂದೆ ನಿಂತ ಮಗುವಿಗೆ ಹಿಡಿದುಕೊಳ್ಳಲು ಇರುವುದು ಹ್ಯಾಂಡಲ್ ಒಂದೇ. ನೀವು ಸಡನ್ನಾಗಿ ಬ್ರೇಕ್ ಹಾಕಿದರೆ ಅವನ ಬಾಯಿ, ಹಲ್ಲು, ಎದೆ ಹೋಗಿ ಹೊಡೆಯುವುದು ಅದಕ್ಕೇ, ಮೇಲಿಂದ ನಿಮ್ಮ ಮೈ ಭಾರವೂ ಅವನ ಮೇಲೆಯೇ. ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ತರಕಾರಿ ಗಾಡಿ ಹತ್ತಿರ ಇಂಜಿನ್ ಆಫ್ ಮಾಡದೆ ನಿಲ್ಲಿಸಿ, ಒಂದು ಕೈಯಲ್ಲಿ ಚೀಲ ಇಸ್ಕೊಳ್ಳುತ್ತಿರುತ್ತೀರಿ. ಆಗ ಮಗು ಸುಮ್ನೆ ಆಟಕ್ಕೆ ಎಕ್ಸಲೇಟರ್ ತಿರುಗಿಸುತ್ತದೆ. ಗೇರ್ ಇಲ್ಲದ ಗಾಡಿ ಅಷ್ಟಕ್ಕೇ ನುಗ್ಗುತ್ತದೆ. ಮಗುವನ್ನು ಹಿಂದೆ ಕೂರಿಸಿ, ನಿಮ್ಮ ಸೊಂಟಕ್ಕೂ ಅವನಿಗೂ ಸೇರಿಸಿ ಕಟ್ಟುವ ಬೆಲ್ಟ್ ಸಿಗುತ್ತದೆ, ಹಾಕಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ 2023ರ ಫೆಬ್ರವರಿಯಿಂದ ಆ ಬೆಲ್ಟ್ ಮತ್ತು ಹೆಲ್ಮೆಟ್ ಕಡ್ಡಾಯ, ಅಂಥ ಮಗು ಇದ್ದರೆ ಗಾಡಿ 40 ಕಿ.ಮೀ. ದಾಟುವಂತಿಲ್ಲ. ನಾಲ್ಕು ದಾಟಿದ ಮೇಲೆ ದೊಡ್ಡವರ ಹಾಗೇ, ಹೆಲ್ಮೆಟ್ ಬೇಕೇ ಬೇಕು. ಅಂದರೆ ನಿಮ್ಮ ಮಗನಿಗೂ ಬೇಕು, ಅವನ ಅಳತೆಯದು. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ದಂಡ 500 ರೂಪಾಯಿ. ಆ ಐನೂರು ನೋಡಿ ಹೆಲ್ಮೆಟ್ ಹಾಕುವವರೇ ಜಾಸ್ತಿ, ಇರಲಿ, ಹೇಗಾದರೂ ಹಾಕಲಿ.

ನಾನು ಬಟವಾಡಿ ಹತ್ತಿರ ಬೈಕಿನಲ್ಲಿ ಹೋಗುವಾಗ ಆಟೋ ಒಂದು ಇಂಡಿಕೇಟರ್ ಹಾಕದೆ ತಿರುಗಿ ಡಿಕ್ಕಿ ಹೊಡೆಯಿತು. ಆಟೋದವರು ಬಡವರು, ಅತ್ತುಬಿಟ್ಟರು. ಸ್ಟೇಷನ್, ಕೋರ್ಟು ಯಾಕೆ ಅಂತ ಅಲ್ಲೇ ಎರಡು ಸಾವಿರ ಇಸ್ಕೊಂಡು ರಾಜಿ ಆದೆ. ಆಸ್ಪತ್ರೆಯಲ್ಲಿ ನಾನೇ ಬಿದ್ದೆ ಅಂತ ಬರೆಸಿದೆ. ಈಗ ನೋಡಿದರೆ ಮಂಡಿಯ ಲಿಗಮೆಂಟ್ ಹರಿದಿದೆ, ಆಪರೇಷನ್ ಅಂತಿದ್ದಾರೆ. ಏನಾದರೂ ದಾರಿ ಇದೆಯಾ?

ದಾರಿ ಇದೆ, ಆದರೆ ನೀವೇ ಅದಕ್ಕೆ ಮುಳ್ಳು ಹಾಕಿಕೊಂಡಿದ್ದೀರಿ. ಬೇಜಾರು ಮಾಡ್ಕೋಬೇಡಿ, ತುಮಕೂರಿನಲ್ಲಿ ಹತ್ತಕ್ಕೆ ಆರು ಜನ ಹೀಗೇ ಮಾಡುತ್ತಾರೆ ಅಂತ ನನ್ನ ಅಂದಾಜು.

ಆಟೋದವರು ಬಡವರು, ನಿಜ. ಆದರೆ ಪರಿಹಾರ ಕೊಡಬೇಕಾದದ್ದು ಅವರ ಜೇಬಿನಿಂದ ಅಲ್ಲ. ರಸ್ತೆಗಿಳಿಯುವ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಲೇಬೇಕು ಅನ್ನುವ ಕಾನೂನು ಇರುವುದೇ ಇದಕ್ಕೆ. ಕೇಸ್ ಹಾಕಿದರೆ ಅವರ ಹೊಟ್ಟೆಗೆ ಹೊಡೆದ ಹಾಗಾಗುತ್ತದೆ ಅಂತ ನೀವು ಬಿಟ್ಟಿರಿ. ಆಟೋಗೆ ಇನ್ಶೂರೆನ್ಸ್ ಇದ್ದಿದ್ದರೆ ಆಪರೇಷನ್ ಖರ್ಚು ಕಂಪನಿಯದಾಗುತ್ತಿತ್ತು.

ಈಗ ಮಾಡಬೇಕಾದದ್ದು. ಮೊದಲು ಸಂಚಾರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಯಾಕೆ ತಡವಾಯಿತು ಅನ್ನುವುದನ್ನು ಇದ್ದ ಹಾಗೇ ಬರೆಯಿರಿ, ಸ್ಥಳದಲ್ಲಿ ರಾಜಿ ಆಯಿತು, ಪೆಟ್ಟು ಇಷ್ಟು ದೊಡ್ಡದು ಅಂತ ಆಗ ಗೊತ್ತಾಗಲಿಲ್ಲ ಅಂತ. ತಡವಾದ ಎಫ್‌ಐಆರ್ ಅಂದ ಮಾತ್ರಕ್ಕೆ ಕೇಸ್ ಬಿದ್ದುಹೋಗುವುದಿಲ್ಲ. ನಿಮಗೆ ತೊಂದರೆ ಕೊಡುವುದು ಆಸ್ಪತ್ರೆಯ ಚೀಟಿ. 'ಸೆಲ್ಫ್ ಫಾಲ್' ಅಂತ ಒಂದು ಸಾಲು ಬಿದ್ದರೆ ಇನ್ಶೂರೆನ್ಸ್ ಕಂಪನಿ ವಕೀಲರಿಗೆ ಅದೇ ಹಬ್ಬ. ಅಲ್ಲಿ ಯಾರಾದರೂ ನೋಡಿದವರು, ಅಂಗಡಿಯ ಕ್ಯಾಮೆರಾ, ನೀವು ಆಗ ಮನೆಗೆ ಮಾಡಿದ ಫೋನು, ಆಟೋದವರು ಫೋನ್‌ಪೇ ಮಾಡಿದ್ದರೆ ಅದರ ದಾಖಲೆ, ಇವನ್ನೆಲ್ಲ ಹುಡುಕಿ ಇಟ್ಟುಕೊಳ್ಳಿ. ಎರಡು ಸಾವಿರ ಕೈಗೆ ಇಸ್ಕೊಂಡಿದ್ದರೆ ಅದೂ ಗುಟ್ಟು ಮಾಡಬೇಡಿ.

ಪರಿಹಾರದ ಅರ್ಜಿಯನ್ನು ಅಪಘಾತ ಆದ ದಿನದಿಂದ 6 ತಿಂಗಳೊಳಗೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್‌ನಿಂದ ಮತ್ತೆ ಬಂದಿದೆ. ಅದಕ್ಕೂ ಮೊದಲು ವರ್ಷಗಟ್ಟಲೆ ಬಿಟ್ಟು ಹಾಕಿದರೂ ನಡೆಯುತ್ತಿತ್ತು, ಹಳಬರು ಈಗಲೂ ಅದನ್ನೇ ಹೇಳುತ್ತಾರೆ. ಅವರ ಮಾತು ಕೇಳಿ ಕೂರಬೇಡಿ. ಅಪಘಾತ ಬೇರೆ ಊರಲ್ಲಿ ಆಗಿದ್ದರೂ ನೀವು ವಾಸ ಇರುವ ಕಡೆಯೇ ಅರ್ಜಿ ಹಾಕಬಹುದು. ಬಿಲ್ಲು, ಸ್ಕ್ಯಾನಿಂಗ್ ಫಿಲ್ಮು, ಡಿಸ್ಚಾರ್ಜ್ ಸಮರಿ, ಕೆಲಸಕ್ಕೆ ಎಷ್ಟು ದಿನ ರಜೆ ಹಾಕಿದಿರಿ ಅನ್ನುವುದಕ್ಕೆ ಪತ್ರ, ಯಾವುದನ್ನೂ ಎಸೆಯಬೇಡಿ. ಫಿಸಿಯೋಥೆರಪಿಗೆ ಹೋಗಿ ಬಂದ ಆಟೋ ಖರ್ಚನ್ನೂ ಬರೆದಿಡಿ.

ಉಳಿದವರಿಗೆ ಒಂದೇ ಮಾತು. ಸ್ಥಳದಲ್ಲಿ ರಾಜಿ ಆಗುವುದಾದರೆ ಇಂಡಿಕೇಟರ್ ಒಡೆದಿದ್ದಕ್ಕೆ, ಬಂಪರ್ ಗೀಚಿದ್ದಕ್ಕೆ ಆಗಿ. ಮೈಗೆ ಪೆಟ್ಟಾಗಿದ್ದರೆ ಬೇಡ. ಮಂಡಿ, ಬೆನ್ನು, ತಲೆ, ಹೊಟ್ಟೆಯ ಪೆಟ್ಟು ಆ ಕ್ಷಣಕ್ಕೆ ಗೊತ್ತೇ ಆಗುವುದಿಲ್ಲ.

ಕ್ಯಾತ್ಸಂದ್ರದ ಹತ್ತಿರ ಹೈವೇಯಲ್ಲಿ ಒಬ್ಬರು ಬಿದ್ದಿದ್ದರು. ಸುತ್ತ ಜನ ನಿಂತು ವಿಡಿಯೋ ಮಾಡುತ್ತಿದ್ದರು. ನಾನು ಆಸ್ಪತ್ರೆಗೆ ಸೇರಿಸಿ ಬಂದೆ. ಮನೆಯಲ್ಲಿ ಅಪ್ಪ ಬೈದರು, ನಾಳೆ ಪೊಲೀಸರು ನಿನ್ನನ್ನೇ ಹಿಡಿದುಕೊಂಡರೆ ಏನು ಮಾಡ್ತೀಯ ಅಂತ. ನಾನು ಮಾಡಿದ್ದು ಸರಿ ತಾನೇ?

ನೂರಕ್ಕೆ ನೂರು ಸರಿ. ಅಪ್ಪನ ಭಯ ಸುಳ್ಳಲ್ಲ, ಅವರ ಕಾಲದಲ್ಲಿ ಹಾಗೇ ಇತ್ತು. ಆಸ್ಪತ್ರೆಗೆ ಸೇರಿಸಿದವರನ್ನೇ ಕೂರಿಸಿಕೊಂಡು ನೂರೆಂಟು ಪ್ರಶ್ನೆ ಕೇಳುತ್ತಿದ್ದರು, ಅಡ್ವಾನ್ಸ್ ಕಟ್ಟಿ ಅನ್ನುತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಹೊಸ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸ್ ಇಲ್ಲ. ನಿಮ್ಮ ಹೆಸರು, ಫೋನ್ ನಂಬರ್ ಕೊಡಲೇಬೇಕು ಅಂತಿಲ್ಲ. ಸೇರಿಸಿ ಎದ್ದು ಬರಬಹುದು, ದುಡ್ಡು ಕೇಳುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಹೇಳುತ್ತೀನಿ ಅಂದರೆ ಪೊಲೀಸರು ನಿಮಗೆ ಅನುಕೂಲವಾದ ಜಾಗ, ಹೊತ್ತಿನಲ್ಲಿ ಬಂದು ಬರೆದುಕೊಳ್ಳಬೇಕು. ಅಪ್ಪನಿಗೆ ಇದನ್ನೇ ಓದಿ ಹೇಳಿ.

ಇನ್ನೊಂದು ಹೊಸ ವಿಷಯ, ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದು ಇಲ್ಲದ ಚಿಕಿತ್ಸೆಯ ಯೋಜನೆ ಜಾರಿಯಾಗಿದೆ. ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಹಾಗಾಗಿ 'ಮೊದಲು ದುಡ್ಡು ಕಟ್ಟಿ' ಅಂದರೆ ಈ ಯೋಜನೆಯ ಹೆಸರು ಎತ್ತಿ ಕೇಳಿ, ಸುಮ್ಮನಾಗಬೇಡಿ.

ಬಿದ್ದವರನ್ನು ಎತ್ತುವ ವಿಷಯದಲ್ಲಿ ಮಾತ್ರ ಅವಸರ ಬೇಡ. ಮೊದಲು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಹೈವೇ ಆದರೆ 1033 ಕೂಡ ಇದೆ. ಹಿಂದೆ ಬರುವ ಗಾಡಿಗಳಿಗೆ ಕಾಣುವ ಹಾಗೆ ಯಾರನ್ನಾದರೂ ದೂರದಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಸಹಾಯಕ್ಕೆ ಬಂದವರಿಗೇ ಇನ್ನೊಂದು ಲಾರಿ ಬಂದು ಹೊಡೆಯುತ್ತದೆ. ರಕ್ತ ಬರುವ ಕಡೆ ಶುದ್ಧವಾದ ಬಟ್ಟೆ ಮಡಿಸಿ ಒತ್ತಿ ಹಿಡಿಯಿರಿ. ನಮ್ಮ ಜನ ಮೊದಲು ಮಾಡುವ ಕೆಲಸ ಬಾಯಿಗೆ ನೀರು ಬಿಡುವುದು. ಪ್ರಜ್ಞೆ ಇಲ್ಲದವರಿಗೆ ಆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಕೊಡಬೇಡಿ. ಕೈ ಕಾಲು ಹಿಡಿದು ಆಟೋದಲ್ಲಿ ಮಡಿಸಿ ತುರುಕುವುದೂ ಬೇಡ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಆ ಎತ್ತಾಟದಲ್ಲೇ ಜೀವನಪರ್ಯಂತ ಹಾಸಿಗೆ ಹಿಡಿದವರಿದ್ದಾರೆ. ಉಸಿರಾಡುತ್ತಿದ್ದರೆ ಹೆಲ್ಮೆಟ್ಟನ್ನೂ ಎಳೆಯಬೇಡಿ, ಆಂಬುಲೆನ್ಸ್‌ನವರಿಗೆ ಬಿಡಿ.

ಸಹಾಯ ಮಾಡಿದವರಿಗೆ ಕೇಂದ್ರ ಸರ್ಕಾರದ ಬಹುಮಾನವೂ ಇದೆ. ಮೊದಲು 5,000 ಇತ್ತು, ಈಗ 25,000 ರೂಪಾಯಿ. ಬಹುಮಾನ ಬೇಕಿದ್ದರೆ ಮಾತ್ರ ಹೆಸರು ಕೊಡಬೇಕಾಗುತ್ತದೆ, ಅಷ್ಟೇ.

ಮಗ ಪಿಯುಸಿ ಮೊದಲ ವರ್ಷ, ಹದಿನಾರು ತುಂಬಿದೆ. ಕಾಲೇಜಿಗೆ ಸ್ಕೂಟರ್ ಬೇಕು ಅಂತ ಒಂದೇ ಹಟ. ಅವನ ಸ್ನೇಹಿತರೆಲ್ಲ ತರುತ್ತಾರಂತೆ. ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ ಅಂತಾನೆ. ನಿಜವೇ?

ಅರ್ಧ ನಿಜ. ಗಂಟೆಗೆ 25 ಕಿ.ಮೀ. ದಾಟದ, ಮೋಟಾರಿನ ಶಕ್ತಿ 250 ವಾಟ್‌ನ ಒಳಗಿರುವ ಎಲೆಕ್ಟ್ರಿಕ್ ಗಾಡಿಗೆ ಮಾತ್ರ ಲೈಸೆನ್ಸ್, ನೋಂದಣಿ ಬೇಡ. ನಿಮ್ಮ ಮಗ ಕೇಳುತ್ತಿರುವುದು ಅದನ್ನಲ್ಲ ಅಂತ ನನಗೆ ಗೊತ್ತು, ನಿಮಗೂ ಗೊತ್ತು. ನಂಬರ್ ಪ್ಲೇಟ್ ಇರುವ ಎಲೆಕ್ಟ್ರಿಕ್ ಸ್ಕೂಟರ್ ಪೆಟ್ರೋಲ್ ಗಾಡಿಗಿಂತ ಬೇಗ ಎಳೆಯುತ್ತದೆ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಇನ್ನೊಂದು ತಮಾಷೆ, ಇಪ್ಪತ್ತೈದರ ಮಿತಿಯ ಗಾಡಿಯನ್ನು ಕೊಂಡು ಮೆಕ್ಯಾನಿಕ್ ಹತ್ತಿರ ಆ ಮಿತಿ ತೆಗೆಸುತ್ತಾರೆ. ತೆಗೆಸಿದ ಗಳಿಗೆಯಿಂದ ಅದು ನೋಂದಣಿಯಿಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ.

ಹದಿನೆಂಟು ತುಂಬದ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕಟಕಟೆಗೆ ಬರುವುದು ಅವನಲ್ಲ, ನೀವು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 199ಎ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ. ನಾಳೆ ಅವನು ಓದು ಮುಗಿಸಿ ಕೆಲಸಕ್ಕೆ ಸೇರಿದಾಗಲೂ ಲೈಸೆನ್ಸ್ ಇಲ್ಲ, ಅಷ್ಟು ದೂರ ಯೋಚನೆ ಮಾಡಿ. ಅವನು ಯಾರಿಗಾದರೂ ಗುದ್ದಿದರೆ ಇನ್ನೂ ಕಷ್ಟ. ಇನ್ಶೂರೆನ್ಸ್ ಕಂಪನಿ ಆ ಕುಟುಂಬಕ್ಕೆ ಪರಿಹಾರ ಕೊಟ್ಟರೂ ಅದನ್ನು ನಿಮ್ಮಿಂದ ವಸೂಲಿ ಮಾಡಬಹುದು. ಸೈಟು ಮಾರುವ ಮಟ್ಟಿಗೆ ಹೋಗುತ್ತದೆ ಇದು.

ಬಸ್ ಪಾಸ್ ಮಾಡಿಸಿಕೊಡಿ. ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ. ಹದಿನೆಂಟಕ್ಕೆ ಇನ್ನೆಷ್ಟು ದೂರ?

ಗುಬ್ಬಿ ತಾಲೂಕು ನಮ್ಮದು. ಸುಗ್ಗಿ ಬಂತೆಂದರೆ ರಸ್ತೆ ತುಂಬ ರಾಗಿ, ಹುರುಳಿ. ಹೋದ ಸಲ ನನ್ನ ಅಣ್ಣ ಬೈಕಿನಿಂದ ಜಾರಿ ಬಿದ್ದು ಭುಜ ಮುರಿದುಕೊಂಡರು. ಕೇಳಿದರೆ ರೈತರ ಮೇಲೆ ಜಗಳಕ್ಕೆ ಬರ್ತೀರಾ ಅಂತಾರೆ. ನಾವೂ ರೈತರೇ. ಏನು ಮಾಡುವುದು?

ಈ ಪ್ರಶ್ನೆಗೆ ಕಾನೂನಿನ ಉತ್ತರ ಸುಲಭ. ರಸ್ತೆಗೆ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಪ್ರಕಾರ ತಪ್ಪು, 5,000 ರೂಪಾಯಿವರೆಗೆ ದಂಡ. ಆದರೆ ಊರಲ್ಲಿ ಇದ್ದುಕೊಂಡು ಪಕ್ಕದ ಹೊಲದವನ ಮೇಲೆ ಕಂಪ್ಲೇಂಟ್ ಕೊಡುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮೊದಲು ಊರಿಗೊಂದು ಕಣ ಇರುತ್ತಿತ್ತು. ಸಗಣಿ ಬಗ್ಗಡ ಸಾರಿಸಿ, ತೆನೆ ಹರಡಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದರು. ಎತ್ತು ಹೋದವು, ಕಣದ ಜಾಗ ಸೈಟಾಯಿತು, ಕೂಲಿಗೆ ಜನ ಸಿಗುವುದಿಲ್ಲ. ಟಾರು ರಸ್ತೆ ಬಿಟ್ಟಿ ಕಣ, ಓಡಾಡುವ ಬಸ್ಸು ಬಿಟ್ಟಿ ರೋಣಗಲ್ಲು. ರೈತನ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಒಣಗಿದ ಹುರುಳಿ ಬಳ್ಳಿ ಇದೆಯಲ್ಲ, ಅದರ ಮೇಲೆ ಬೈಕಿನ ಟೈರಿಗೆ ಹಿಡಿತವೇ ಸಿಗುವುದಿಲ್ಲ. ಕಾರಿನವರಿಗೆ ಬೇರೆ ಅಪಾಯ. ಬಳ್ಳಿ ಕೆಳಗೆ ಆಕ್ಸಲ್‌ಗೆ ಸುತ್ತಿಕೊಂಡು ಉಂಡೆ ಕಟ್ಟುತ್ತದೆ, ಬಿಸಿ ಸೈಲೆನ್ಸರ್‌ಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೊಗೆ ವಾಸನೆ ಬಂದರೆ ತಕ್ಷಣ ಹುಲ್ಲಿಲ್ಲದ ಕಡೆ ನಿಲ್ಲಿಸಿ ಎಲ್ಲರೂ ಇಳಿಯಿರಿ, ಸಾಮಾನು ಆಮೇಲೆ. ರಾತ್ರಿ ಇನ್ನೂ ಕೆಟ್ಟದ್ದು. ರಾಶಿಯ ಸುತ್ತ ಗಾಡಿ ಹತ್ತದಿರಲಿ ಅಂತ ದಪ್ಪ ಕಲ್ಲು ಇಟ್ಟಿರುತ್ತಾರೆ. ರಾಶಿ ಮನೆಗೆ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಸುಗ್ಗಿ ಮುಗಿದು ವಾರವಾದ ಮೇಲೂ ಆ ಕಲ್ಲಿಗೆ ಗುದ್ದಿ ಬೀಳುವವರಿದ್ದಾರೆ.

ಬೈಕಿನವರು ರಾಗಿ ಹಾಸು ಕಂಡ ತಕ್ಷಣ, ಅದರ ಮೇಲೆ ಹತ್ತುವ ಮೊದಲೇ ನಿಧಾನ ಮಾಡಿ. ಹತ್ತಿದ ಮೇಲೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೆಟ್ಟಗೆ ದಾಟಿ. ಪಂಚಾಯಿತಿಯಲ್ಲಿ ಕೇಳಬೇಕಾದದ್ದು ಕಣ. ಗ್ರಾಮಸಭೆಯಲ್ಲಿ ಸಿಮೆಂಟ್ ಕಣಕ್ಕೆ ಜಾಗ ಗುರುತಿಸಿ ಅಂತ ಬರೆಸಿ. ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಒಕ್ಕಣೆ ಯಂತ್ರ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ, ನಾಲ್ಕು ಮನೆಯವರು ಸೇರಿದರೆ ಬಾಡಿಗೆ ಭಾರವಲ್ಲ. ಅದೂ ಆಗದಿದ್ದರೆ ತಿರುವಿನಲ್ಲಿ, ಇಳಿಜಾರಿನಲ್ಲಿ ಮಾತ್ರ ಹಾಕಬೇಡಿ, ಕತ್ತಲಾಗುವ ಮೊದಲು ಕಲ್ಲು ಸಮೇತ ಎತ್ತಿ ಅಂತ ಕೇಳಿಕೊಳ್ಳಬಹುದು. ಅಷ್ಟಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. ನಿಮ್ಮ ಹೊಲದ ರಾಗಿಯೂ ರಸ್ತೆಗೆ ಬರುತ್ತಾ? ಪತ್ರದಲ್ಲಿ ಬರೆದಿಲ್ಲ ನೀವು.

ಬೀಗರೂಟಕ್ಕೆ ಜನರನ್ನು ಕರೆದುಕೊಂಡು ಹೋಗಲು ಗೂಡ್ಸ್ ಗಾಡಿ ಮಾಡಿಕೊಂಡರೆ ತಪ್ಪಾ? ಬಸ್ಸಿಗೆ ಬಾಡಿಗೆ ಜಾಸ್ತಿ. ನಮ್ಮ ಕಡೆ ಎಲ್ಲರೂ ಹಾಗೇ ಹೋಗುವುದು. (ಶಿರಾ ತಾಲೂಕಿನಿಂದ)

ಎಲ್ಲರೂ ಹಾಗೇ ಹೋಗುತ್ತಾರೆ, ನಿಜ. ಗಾಡಿ ಪಲ್ಟಿಯಾದರೆ ಏನಾಗುತ್ತದೆ ಅಂತ ಕೇಳಿ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ನೆ ಪ್ರಯಾಣಿಕರಾಗಿ ಕೂತವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ತನ್ನ ಸರಕಿನ ಜೊತೆ ಹೋಗುವ ಮಾಲೀಕನಿಗೆ ರಕ್ಷಣೆ ಇದೆ, ಬೀಗರಿಗೆ ಇಲ್ಲ. ಪರಿಹಾರ ಗಾಡಿ ಮಾಲೀಕರಿಂದ ಬರಬೇಕು, ಅವರ ಹತ್ತಿರ ಇರುವುದು ಆ ಗಾಡಿ ಒಂದೇ, ಅದೂ ಸಾಲದ್ದು.

ನಿಮ್ಮ ತಾಲೂಕಿನ ಕಳ್ಳಂಬೆಳ್ಳದ ಹತ್ತಿರ 2022ರ ಆಗಸ್ಟ್‌ನಲ್ಲಿ ನಡೆದದ್ದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರು, ಒಂದು ಕ್ರೂಸರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಲಾರಿಗೆ ಡಿಕ್ಕಿಯಾಗಿ 9 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಅದು ಜನ ಕೂರುವ ಗಾಡಿಯೇ. ಗೂಡ್ಸ್ ಗಾಡಿಯಲ್ಲಿ ಹಿಡಿದುಕೊಳ್ಳಲು ಕಂಬಿಯೂ ಇರುವುದಿಲ್ಲ. ಮದುವೆಗೆ ಅಷ್ಟು ಖರ್ಚು ಮಾಡುತ್ತೀರಿ, ಬಸ್ಸಿಗೆ ಮಾಡಿ.

ನಮ್ಮ ಬೀದಿಯಲ್ಲಿ ಹುಡುಗರು ಬೈಕ್ ಹಾರಿಸುತ್ತಾರೆ. ನಾವೇ ಚಂದಾ ಎತ್ತಿ ಹಂಪ್ ಹಾಕಿಸಬಹುದಾ?

ಬೇಡ. ನಿಮ್ಮ ಕೋಪ ಸರಿ, ಆದರೆ ಬೀದಿಯವರು ರಾತ್ರೋರಾತ್ರಿ ಹಾಕಿಸುವ ಹಂಪ್ ಅಂದರೆ ಗೇಣೆತ್ತರದ ಸಿಮೆಂಟ್ ದಿಂಡು, ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಸ್ತೆಗಳ ಅಳತೆ ಹೇಗಿರಬೇಕು ಅಂತ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವರು ಮೆಲ್ಲಗೆ ಏರಿ ಇಳಿಯುವ ಹಾಗೆ. ನೀವು ಹಾಕಿಸುವ ದಿಂಡಿಗೆ ಆ ಬೈಕ್ ಹುಡುಗರು ಬೀಳುವುದಿಲ್ಲ, ಅವರಿಗೆ ಜಾಗ ಗೊತ್ತು. ಬೀಳುವುದು ಹೊಸದಾಗಿ ಬಂದವರು, ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಅಜ್ಜಿ. ಯಾರಿಗಾದರೂ ಏನಾದರೂ ಆದರೆ ಚಂದಾ ಪುಸ್ತಕದಲ್ಲಿ ನಿಮ್ಮ ಹೆಸರಿರುತ್ತದೆ. ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ, ಸಂಚಾರ ಠಾಣೆಗೆ ಒಂದು ಪ್ರತಿ ಕೊಡಿ, ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಅಂತರಸನಹಳ್ಳಿ ಕಡೆಯಿಂದ ಮನೆಗೆ ಬರಲು ಸರಿಯಾದ ದಾರಿಯಲ್ಲಿ ಹೋದರೆ ಎರಡು ಕಿಲೋಮೀಟರ್ ಸುತ್ತು. ಸರ್ವಿಸ್ ರಸ್ತೆಯಲ್ಲಿ ಎದುರಿಗೆ ಸ್ವಲ್ಪ ದೂರ ಬಂದರೆ ಮುಗಿಯಿತು. ಅಂಚಿನಲ್ಲೇ ಬರುತ್ತೇನೆ, ಲೈಟ್ ಹಾಕಿಕೊಂಡು. ಇದರಲ್ಲಿ ಅಂಥ ಅಪಾಯ ಏನಿದೆ?

ಪಕ್ಕದ ಗಲ್ಲಿಯಿಂದ ರಸ್ತೆಗೆ ಇಳಿಯುವವರು ಗಾಡಿ ಬರುವ ಕಡೆ ಮಾತ್ರ ನೋಡುತ್ತಾರೆ, ನೀವು ಬರುವ ಕಡೆ ಯಾಕೆ ನೋಡಬೇಕು? ನೀವು 30ರಲ್ಲಿ, ಎದುರಿನವರು 50ರಲ್ಲಿ ಇದ್ದರೆ ಇಬ್ಬರ ನಡುವಿನ ದೂರ ಕರಗುವುದು 80ರ ವೇಗದಲ್ಲಿ, ಅಂದರೆ ಸೆಕೆಂಡಿಗೆ 22 ಮೀಟರ್. ಎದುರು ದಿಕ್ಕಿನಲ್ಲಿ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಪಾಯಕಾರಿ ಚಾಲನೆ ಅಂತಲೇ ಸೇರಿಸಿದ್ದಾರೆ. ದಂಡ ಇರಲಿ, ಅಪಘಾತವಾದರೆ ತಪ್ಪಿನಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೋರ್ಟ್ ನೋಡುತ್ತದೆ, ಅಷ್ಟು ಪರಿಹಾರ ಕಡಿತ.

ಆದರೆ ನಿಮ್ಮ ಪರವಾಗಿಯೂ ಒಂದು ಮಾತು ಇದೆ. ಎರಡು ಕಿಲೋಮೀಟರ್ ಸುತ್ತಿಸುವ ರಸ್ತೆ ಮಾಡಿಟ್ಟು ಜನ ಸುತ್ತುತ್ತಾರೆ ಅಂದುಕೊಳ್ಳುವುದೂ ತಪ್ಪೇ. ಸೈಕಲ್‌ನವರು, ನಡೆಯುವವರು ಅಷ್ಟು ಸುತ್ತಲಾರರು, ಡಿವೈಡರ್ ಹಾರಿಯೇ ಹಾರುತ್ತಾರೆ. ಒಂದು 500 ಮೀಟರ್ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಜನ ಸತ್ತರೆ, ಅದನ್ನು ಹೆದ್ದಾರಿಯ ಬ್ಲ್ಯಾಕ್‌ಸ್ಪಾಟ್ ಅಂತ ಗುರುತಿಸಿ ಸರಿಪಡಿಸಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಅಲ್ಲಿಗೆ ಬರೆಯಿರಿ. 'ರಸ್ತೆ ಸರಿ ಇಲ್ಲ' ಅಂತ ಬರೆದರೆ ಯಾರೂ ಓದುವುದಿಲ್ಲ. ಯಾವ ಜಾಗ, ಯಾವ ದಿನ, ಯಾವ ಠಾಣೆಯ ಎಷ್ಟನೇ ನಂಬರ್ ಕೇಸು, ಫೋಟೋ ಸಮೇತ ಬರೆಯಿರಿ. ಉತ್ತರ ಬರುವ ತನಕ ಮಾತ್ರ ಸುತ್ತಿಕೊಂಡೇ ಬನ್ನಿ.

ನನ್ನ ತಂಗಿ ಗಂಡನಿಗೆ ರಾತ್ರಿ ಯಾವುದೋ ಗಾಡಿ ಹೊಡೆದು ನಿಲ್ಲಿಸದೆ ಹೋಯಿತು. ಜೀವ ಉಳಿಯಲಿಲ್ಲ. ಗಾಡಿ ನಂಬರ್ ಗೊತ್ತಿಲ್ಲ. ಇನ್ಶೂರೆನ್ಸ್ ಸಿಗುವುದಿಲ್ಲ, ಬಿಟ್ಟುಬಿಡಿ ಅಂತ ಎಲ್ಲರೂ ಹೇಳಿದರು. ತಂಗಿಗೆ ಇಬ್ಬರು ಮಕ್ಕಳು.

ಬಿಡಬೇಡಿ. ಗಾಡಿ ಸಿಗದ ಕೇಸುಗಳಿಗೇ ಅಂತ ಕೇಂದ್ರ ಸರ್ಕಾರದ ಪರಿಹಾರ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೂ ಮೊದಲು ಸಾವಿಗೆ 25,000 ಮಾತ್ರ ಇತ್ತು, ಬಹುಶಃ ಅದಕ್ಕೇ ಜನ ಇದರ ಹಿಂದೆ ಬೀಳುತ್ತಿರಲಿಲ್ಲ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಅಪಘಾತ ನಡೆದ ಕಡೆಯ ಕ್ಲೇಮು ವಿಚಾರಣಾಧಿಕಾರಿಗೆ ಅರ್ಜಿ ಕೊಡಬೇಕು. ಆ ಅಧಿಕಾರಿ ಯಾರು ಅಂತ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ತಂಗಿಯ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಳ್ಳಿ.

ಅರ್ಜಿ ಕೊಟ್ಟ ಮೇಲೂ ಠಾಣೆಗೆ ಹೋಗಿ ವಿಚಾರಿಸುವುದನ್ನು ನಿಲ್ಲಿಸಬೇಡಿ. ದಾರಿಯ ಪೆಟ್ರೋಲ್ ಬಂಕು, ಡಾಬಾ, ಟೋಲ್ ಕ್ಯಾಮೆರಾಗಳ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ, ಆ ಹೊತ್ತಿನದನ್ನು ತೆಗೆದಿರಿಸಿ ಅಂತ ತನಿಖಾಧಿಕಾರಿಗೆ ಈಗಲೇ ಬರವಣಿಗೆಯಲ್ಲಿ ಕೊಡಿ. ಮುಂದೆ ಗಾಡಿ ಸಿಕ್ಕಿದರೆ ನ್ಯಾಯಮಂಡಳಿಯಲ್ಲಿ ಪೂರ್ತಿ ಪರಿಹಾರ ಕೇಳಬಹುದು, ಆಗ ಈ 2 ಲಕ್ಷವನ್ನು ಅದರಲ್ಲಿ ಕಳೆಯುತ್ತಾರೆ. ಅರ್ಜಿ ಬರೆಯುವುದಕ್ಕೆ ಏಜೆಂಟರು ಯಾರಾದರೂ ಪರ್ಸೆಂಟೇಜ್ ಕೇಳಿದರೆ ಕೊಡಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ತಂಗಿಯನ್ನು ಕರೆದುಕೊಂಡು ಈ ವಾರವೇ ಹೋಗಿ ಬನ್ನಿ.